ಕಡೆಗೆ ಕೇಳಿಸಿದ ಉಪ್ಪಿಟ್ಟು

ಮೊದಲಿಗೇ ಓದುಗರ ಕ್ಷಮೆ ಕೋರುತ್ತೇನೆ. ನನ್ನ ತವರಿನಲ್ಲಿ ಪದವಿ ಪಡೆದವಳು ನಾನೊಬ್ಬಳೇ. ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆ ಕಾರಣಕ್ಕೋ ಏನೋ, ನಾಲ್ಕು ಸಾಲು ಬರೆದರೂ ಎಲ್ಲಿ ತಪ್ಪಾಯಿತೋ ಎಂದು ಮತ್ತೆ ಮತ್ತೆ ಓದಿ ನೋಡುವ ಅಭ್ಯಾಸ ಅಂಟಿಕೊಂಡಿದೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಸಾಧ್ಯವಾದಷ್ಟು ಎಚ್ಚರ ವಹಿಸಿದ್ದೇನೆ. ಆಟದ ವಿಷಯದಲ್ಲಿ ಮಾತ್ರ ಅಂಥ ಭರವಸೆ ಕೊಡಲಾರೆ. ಇದು ಅಮೆರಿಕನ್ ಫುಟ್‌ಬಾಲಿಗೆ ಸಂಬಂಧಿಸಿದ ಬರಹ. ವರ್ಷಗಟ್ಟಲೆ ಕಬ್ಬಿಣದ ಬೆಂಚಿನ ಮೇಲೆ ಕುಳಿತು ನೋಡಿದ ಮೇಲೂ ಆ ಆಟ ನನಗೆ ಪೂರ್ತಿ ತಿಳಿದಿದೆ ಎಂದು ಹೇಳುವ ಧೈರ್ಯವಿಲ್ಲ. ಹೆಸರಿನಲ್ಲಿ ಕಾಲಿದೆ, ಆಟದಲ್ಲಿ ಕಾಲಿಗಿಂತ ಕೈಗೆ, ಕೈಗಿಂತ ಭುಜಕ್ಕೆ ಹೆಚ್ಚು ಕೆಲಸ. ದೋಷಗಳಿದ್ದಲ್ಲಿ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ನಮ್ಮದು ತಿಪಟೂರು. ಅಪ್ಪನಿಗೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೈಕಲ್ ಅಂಗಡಿ. ನನ್ನ ಸಂಬಂಧ ಕುದುರಿಸಿದ ದೂರದ ಚಿಕ್ಕಮ್ಮ ಒಂದು ಸಂಜೆ ಅಂಗಡಿಗೇ ಬಂದು, "ಹುಡುಗ ಲಾಸ್ ಏಂಜಲೀಸಲ್ಲೇ ಹುಟ್ಟಿ ಬೆಳೆದೋನು ಭಾವ, ಕಾಲೇಜಲ್ಲಿ ಕೋಚು" ಎಂದರು. ‘ಕಾಲೇಜು’ ಎಂಬ ಪದ ಕಿವಿಗೆ ಬಿದ್ದ ಮೇಲೆ ಅಪ್ಪನಿಗೆ ಬೇರೇನೂ ಬೇಕಾಗಲಿಲ್ಲ.

"ಕೋಚಿಂಗಾ? ಒಳ್ಳೇದೇ ಆಯ್ತು. ಫಿಸಿಕ್ಸೋ, ಮ್ಯಾಥ್ಸೋ?"

"ಫುಟ್‌ಬಾಲು."

"ತಮಾಷೆ ಸಾಕು ಕಣಮ್ಮ, ನಿಜ ಹೇಳು."

ನಮ್ಮೂರಿನಲ್ಲಿ ಕೋಚಿಂಗ್ ಎಂದರೆ ಸಿಇಟಿ ಕೋಚಿಂಗ್. ಪ್ರತಿ ಎರಡನೆಯ ಮಹಡಿಯ ಮೇಲೂ ಅದರ ಬೋರ್ಡು ಇರುತ್ತದೆ. ಹಾಗಾಗಿ, "ಅಳಿಯಂದಿರು ಅಮೆರಿಕದಲ್ಲಿ ಕಾಲೇಜು ಹುಡುಗರಿಗೆ ಕೋಚಿಂಗ್ ಕೊಡ್ತಾರೆ" ಎಂದು ಅಪ್ಪ ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಹೇಳತೊಡಗಿದರು. ಆ ವಾಕ್ಯದಲ್ಲಿ ಸುಳ್ಳೆನ್ನುವಂಥ ಪದ ಒಂದೂ ಇಲ್ಲ. ತಿದ್ದಬೇಕೆಂದರೆ ಎಲ್ಲಿ ತಿದ್ದಬೇಕೆಂಬುದೇ ನನಗೆ ತಿಳಿಯಲಿಲ್ಲ.

ಮದುವೆಯಾಗಿ ಲಾಸ್ ಏಂಜಲೀಸ್ ಪಕ್ಕದ ಸ್ಯಾಂಟಾ ಕ್ಲಾರಿಟಾದ ಅತ್ತೆಮನೆಗೆ ಬಂದು ಸೂಟ್‌ಕೇಸ್ ಬಿಚ್ಚಿಡುವಷ್ಟರಲ್ಲಿ ಕೊರೊನಾ ಬಂತು. ನನ್ನ ಪತಿ ಆಗ ಲಾಸ್ ಏಂಜಲೀಸಿನ ಪೂರ್ವಕ್ಕಿರುವ ಒಂದು ಸಣ್ಣ ಕಾಲೇಜಿನಲ್ಲಿ ಸಹಾಯಕ ಕೋಚ್. ಆ ವರ್ಷದ ಪಂದ್ಯಗಳೆಲ್ಲ ರದ್ದಾಗಿ, ಇವರು ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಮನೆಮನೆಗಳಲ್ಲಿ ಬಂದಿಯಾಗಿದ್ದ ಹುಡುಗರಿಗೆ ಜ಼ೂಮ್‌ನಲ್ಲಿ ಡಿಕ್ಕಿ ಹೊಡೆಯುವುದನ್ನು ಕಲಿಸುತ್ತಿದ್ದರು. ಡಿಕ್ಕಿ ಹೊಡೆಯಲು ಎದುರಿಗೆ ಯಾರೂ ಇಲ್ಲದ್ದರಿಂದ ಹುಡುಗರು ಸೋಫಾದ ದಿಂಬುಗಳಿಗೆ ಹೊಡೆಯುತ್ತಿದ್ದರು. ಅಂಥ ಒಂದು ತರಗತಿಯ ನಡುವೆ ನಮ್ಮ ಅತ್ತೆ ತಟ್ಟೆ ಹಿಡಿದು ಒಳಗೆ ಬಂದು, ಪರದೆಯ ಮೇಲಿದ್ದ ಅಷ್ಟೂ ಮುಖಗಳೆದುರು ಮಗನ ಬಾಯಿಗೆ ತುತ್ತು ಹಿಡಿದರು.

"ಒಂದ ತುತ್ತು ತಿಂದು ಆಮ್ಯಾಲ ಒದರ್ಕೊ. ಮುಂಜಾನಿಂದ ಏನೂ ತಿಂದಿಲ್ಲ ನೀ."

ಇವರು ತಿಂದರು. ಅತ್ತೆ ಹುಬ್ಬಳ್ಳಿಯವರು, ತುತ್ತು ಹಿಡಿದ ಮೇಲೆ ಎದುರಿಗಿರುವುದು ಮಗನೋ ಮಂತ್ರಿಯೋ ಎಂದು ನೋಡುವವರಲ್ಲ. ಆತಂಕವಾದಾಗಲಂತೂ ಯಾರಿಗಾದರೂ ಏನನ್ನಾದರೂ ತಿನ್ನಿಸದಿದ್ದರೆ ಅವರ ಜೀವಕ್ಕೆ ಸಮಾಧಾನವಿಲ್ಲ. ನನ್ನ ಪತಿಯ ಕನ್ನಡವೂ ಅವರಿಂದಲೇ ಬಂದದ್ದು. ಮಗುವಿಗೆ ಊಟ ಮಾಡಿಸಲು ಎಷ್ಟು ಬೇಕೋ ಅಷ್ಟು ಕನ್ನಡ ಇವರ ಬಳಿ ಇದೆ, ಅದರಾಚೆಗಿನದೆಲ್ಲ ಇಂಗ್ಲಿಷ್. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಈ ಮನುಷ್ಯ ಕ್ಯಾಲಬಾಸಸ್ಸಿನ ದೇವಸ್ಥಾನದಲ್ಲಿ ಹಿರಿಯ ಅರ್ಚಕರಿಗೆ "ಬಾ, ಕೂಡು, ಹೊಟ್ಟಿ ಹಸದೈತೇನು?" ಎಂದು ಕೇಳಿದಾಗ ನಾನು ಕಂಬದ ಹಿಂದೆ ಸರಿದು ನಿಂತಿದ್ದೆ.

ಮಾವ ಬೆಂಗಳೂರಿನವರು, ನಿವೃತ್ತ ಟೆಲಿಕಾಂ ಇಂಜಿನಿಯರ್. ಮಗನ ವೃತ್ತಿಯನ್ನು ಅವರು ಜ್ವರದಂತೆ ಕಾಣುತ್ತಿದ್ದರು. ಇಂದಲ್ಲ ನಾಳೆ ಇಳಿಯುತ್ತದೆ ಎಂಬ ನಂಬಿಕೆ. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಯಾರಾದರೂ, "ಮಗ ಈಗ ಎಲ್ಲಿದಾನೆ ಸಾರ್?" ಎಂದರೆ "ಕಾಲೇಜಲ್ಲಿ" ಎನ್ನುವರು. "ಪ್ರೊಫೆಸರ್ರಾ?" ಎಂಬ ಮುಂದಿನ ಪ್ರಶ್ನೆ ಬರುವ ಹೊತ್ತಿಗೆ ಅವರ ಬಾಯಿ ತುಂಬ ಪುಳಿಯೋಗರೆ ಇರುತ್ತಿತ್ತು. ಮಗನ ಒಂದು ಪಂದ್ಯವನ್ನೂ ಅವರು ನೋಡಿರಲಿಲ್ಲ.

ಮುಂದೆ ಇವರಿಗೆ ಸ್ಯಾನ್ ಡಿಯೇಗೊದ ಇನ್ನೊಂದು ಸಣ್ಣ ಕಾಲೇಜಿನಲ್ಲಿ ಕೆಲಸ ದೊರೆತು, ನಾವಿಬ್ಬರೂ ಅಲ್ಲಿ ಬಾಡಿಗೆ ಮನೆ ಮಾಡಿದೆವು. ನನಗೆ ಅದೇ ಊರಿನ ಲಾ ಹೋಯಾ ಬಡಾವಣೆಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅರೆಕಾಲಿಕ ಕೆಲಸ ಸಿಕ್ಕಿತು. ಸಣ್ಣ ಕಾಲೇಜಿನ ಕೋಚ್ ಎಂದರೆ ಏನೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಟಿವಿಯಲ್ಲಿ ಕಾಣುವ ಕೋಚ್‌ಗಳ ವೈಭವ ಓದುಗರ ಕಣ್ಣ ಮುಂದೆ ಬರುವುದು ಬೇಡ. ಮೈದಾನಕ್ಕೆ ಬಿಳಿ ಗೆರೆ ಎಳೆಯುವವರು ಇವರೇ. ದೂರದ ಊರಿಗೆ ತಂಡವನ್ನು ಕರೆದೊಯ್ಯುವ ವ್ಯಾನ್ ಡ್ರೈವ್ ಮಾಡುವವರು ಇವರೇ. ಬೆವರಿನ ಜೆರ್ಸಿಗಳನ್ನು ತೊಳೆಯುವ ಯಂತ್ರ ಕೆಟ್ಟಾಗ ಅದರ ಪಕ್ಕ ಮಂಡಿಯೂರಿ ಕುಳಿತು ಬೇಡಿಕೊಳ್ಳುವವರೂ ಇವರೇ. ಹೊಸ ಹುಡುಗರನ್ನು ಸೇರಿಸಲು ಅವರ ತಾಯಂದಿರಿಗೆ ಫೋನ್ ಮಾಡಿ, ನಿಮ್ಮ ಮಗ ಮೂಳೆಯನ್ನೂ ಮುರಿದುಕೊಳ್ಳುವುದಿಲ್ಲ, ಪದವಿಯನ್ನೂ ಪಡೆಯುತ್ತಾನೆ ಎಂದು ನಂಬಿಸಬೇಕು. ಎರಡನೆಯ ಭಾಗವನ್ನು ಇವರು ಬಹಳ ಶ್ರದ್ಧೆಯಿಂದ ಹೇಳುತ್ತಿದ್ದರು, ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತಿದ್ದರು.

ಈ ಆಟ ಒಂದೇ ಸಮನೆ ನಡೆಯುವುದಿಲ್ಲ. ಕ್ಷಣಕಾಲ ನುಗ್ಗಾಟ, ಮತ್ತೆ ನಿಲುಗಡೆ. ಪ್ರತಿ ನುಗ್ಗಾಟಕ್ಕೆ ಮುಂಚೆ ಯಾರು ಎಲ್ಲಿ ಓಡಬೇಕೆಂದು ಕೋಚ್ ಒಂದು ಗುಪ್ತಪದದಲ್ಲಿ ಹೇಳುತ್ತಾರೆ. ಎದುರಾಳಿಗಳಿಗೆ ಅದು ತಿಳಿಯಬಾರದು. ಇವರ ತಂಡದ ಹಳೆಯ ಕೋಚ್ ಒಬ್ಬರು ಎದುರಾಳಿ ಕಾಲೇಜಿಗೆ ಸೇರಿದಾಗ ಆ ಪದಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ಹೋದರು. ಹೊಸ ಪದಗಳು ಬೇಕಾದವು. ಆ ಚಿಂತೆಯಲ್ಲಿದ್ದ ಒಂದು ಬೆಳಿಗ್ಗೆ ನಾನು ಇವರ ಮುಂದೆ ತಟ್ಟೆ ಇಟ್ಟೆ.

"ಇವತ್ತ ಏನಿದು?"

"ಉಪ್ಪಿಟ್ಟು ರೀ."

ಇವರು ಚಮಚದಿಂದ ಅದನ್ನು ತಟ್ಟೆಯ ನಡುವಿಗೆ ಒತ್ತಿ ನೋಡಿದರು. "ಎಲ್ಲಾ ನಡುವ ಕೂಡತೈತಿ," ಎಂದರು. ತಿನ್ನದೆ ಇನ್ನೊಮ್ಮೆ ಒತ್ತಿದರು.

ಹೀಗೆ ಉಪ್ಪಿಟ್ಟು ಎಂದರೆ ಎಲ್ಲರೂ ಒತ್ತೊತ್ತಾಗಿ ಸೇರಿ ನಡುವಿನಲ್ಲಿ ನುಗ್ಗುವುದು ಎಂದಾಯಿತು. ಚಿತ್ರಾನ್ನ ಎಂದರೆ ಅಗುಳು ಉದುರಿದಂತೆ ಚದುರಿ ಓಡುವುದು. ಚೆಂಡನ್ನು ದೂರಕ್ಕೆ ಎಸೆಯಲಾಗುತ್ತದೆ. ಮಜ್ಜಿಗೆ ಎಂದರೆ ಗೆಲುವು ಕೈಯಲ್ಲಿರುವಾಗ ಸುಮ್ಮನೆ ಮಂಡಿಯೂರಿ ಸಮಯ ಕಳೆಯುವುದು, ಊಟ ಮುಗಿಯಿತು ಎಂದರ್ಥ. ಹುಳಿಯನ್ನೂ ಸೇರಿಸಬೇಕೆಂದು ಇವರಿಗೆ ಆಸೆಯಿತ್ತು. ಹುಡುಗರು ಅದನ್ನು ಹುಲಿ ಎಂದೇ ಹೇಳಿದರು. ಹುಲಿ ಎಂದರೆ ಏನೆಂದು ತಿಳಿದ ಮೇಲೆ ಹುಳಿಗೆ ಮರಳಲು ಅವರಾರೂ ಒಪ್ಪಲಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ನಾನು ಸುಮ್ಮನಿರಲಾರೆ. ಇವರ ಬಾಯಲ್ಲಿ ಅದು ‘ಉಪಿಟು’ ಆಗುತ್ತಿತ್ತು. ಎರಡು ಒತ್ತಕ್ಷರಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಕೊನೆಗೆ ನಾನೇ ಎಲ್ಲ ಪದಗಳನ್ನೂ ಸ್ಪಷ್ಟವಾಗಿ ಉಚ್ಚರಿಸಿ ರೆಕಾರ್ಡ್ ಮಾಡಿಕೊಟ್ಟೆ. ಹುಡುಗರು ಅದನ್ನು ಕಿವಿಗೆ ಹಾಕಿಕೊಂಡು ಮೈದಾನ ಸುತ್ತುತ್ತಿದ್ದರು. ಅಭ್ಯಾಸದ ಹೊತ್ತಿಗೆ ನಾನು ಆ ಕಡೆ ಹೋದರೆ ಕಂಬದಂಥ ಹುಡುಗರು ನಿಂತು, ಎದೆಯ ಮೇಲೆ ಕೈಯಿಟ್ಟು, "ಚಿತ್ರಾನ್ನ, ಮ್ಯಾಮ್" ಎಂದು ವಂದಿಸುತ್ತಿದ್ದರು. ತಂಡಕ್ಕೆ ಒಂದು ನಿಯಮವಿತ್ತು: ಕೊನೆಯ ಗಳಿಗೆಯಲ್ಲಿ ಕೋಚ್ ಮನಸ್ಸು ಬದಲಿಸಿ ಇನ್ನೊಂದು ಪದ ಕೂಗಬಹುದು, ಆದ್ದರಿಂದ ಕಡೆಗೆ ಕೇಳಿಸಿದ ಪದವೇ ಲೆಕ್ಕಕ್ಕೆ. ಆ ನಿಯಮದಲ್ಲಿ ತಪ್ಪೇನಿದೆ ಎಂದು ಆಗ ಯಾರಿಗೂ ತೋರಲಿಲ್ಲ.

ಒಂದು ಬೇಸಿಗೆಯಲ್ಲಿ ಮುಖ್ಯ ಕೋಚ್ ಹಠಾತ್ತನೆ ಕೆಲಸ ಬಿಟ್ಟರು. ಕಾಲೇಜಿನವರು ಆ ಸ್ಥಾನವನ್ನು ಒಂದು ಸೀಸನ್ ಮಟ್ಟಿಗೆ ಇವರಿಗೆ ವಹಿಸಿದರು. ಸೋತಷ್ಟಾದರೂ ಗೆದ್ದರೆ ಖಾಯಂ, ಇಲ್ಲವಾದರೆ ಹೊರಗಿನಿಂದ ಬೇರೆಯವರನ್ನು ತರುತ್ತೇವೆ ಎಂದರು. ಈ ಸುದ್ದಿ ತಿಳಿದ ವಾರವೇ ಮಾವ ಸ್ಯಾಂಟಾ ಕ್ಲಾರಿಟಾದಿಂದ ಡ್ರೈವ್ ಮಾಡಿಕೊಂಡು ಬಂದರು. ಅವರ ಗೆಳೆಯರೊಬ್ಬರ ಟೆಲಿಕಾಂ ಕಂಪನಿಯ ಟ್ರೈನಿಂಗ್ ವಿಭಾಗದಲ್ಲಿ ಮಗನಿಗೊಂದು ಸ್ಥಾನ ಕಾದಿತ್ತು.

"ಅಲ್ಲೂ ಕೋಚಿಂಗೇ ಕಣೋ. ಕೂತ್ಕೊಂಡು ಮಾಡೋ ಕೋಚಿಂಗ್. ಏಸಿ ಇರುತ್ತೆ, ಯಾರೂ ಯಾರ ಮೇಲೂ ಬೀಳಲ್ಲ."

"ಬೀಳಲಿಲ್ಲಾಂದ್ರ ಏನ ಮಜಾ ಅಪ್ಪಾ?"

"ಮಜಾ ಸಾಕಪ್ಪ. ಮನೆ ಹೆಂಡ್ತಿ ಅಂತ ಆದ್ಮೇಲೆ ಒಂದು ಖಾಯಂ ಕೆಲಸ ಬೇಡ್ವಾ?"

ಇವರು, ಒಂದೇ ಒಂದು ಸೀಸನ್ ಕೊಡಿ, ಖಾಯಂ ಆಗದಿದ್ದರೆ ಆಟ ಬಿಟ್ಟು ಆ ಕಂಪನಿಗೆ ಸೇರುತ್ತೇನೆ ಎಂದು ಇಂಗ್ಲಿಷಿನಲ್ಲಿ ಮಾತು ಕೊಟ್ಟರು. ಮಾತು ಕೊಟ್ಟರೆ ಮುರಿಯುವವರಲ್ಲ ಎಂಬುದೇ ನನ್ನ ಭಯವಾಗಿತ್ತು. ಖಾಯಂ ಕೆಲಸದ ಬೆಲೆ ನನಗೆ ತಿಳಿಯದೆ ಇಲ್ಲ. ಸೈಕಲ್ ಅಂಗಡಿಯವರ ಮಗಳು ನಾನು. ಆದರೆ ಬೆಳಿಗ್ಗೆ ಶಿಳ್ಳೆಯನ್ನು ಕೊರಳಿಗೆ ಹಾಕಿಕೊಂಡು, ಹಲ್ಲುಜ್ಜುವಾಗಲೂ ತೆಗೆಯದ ಈ ಮನುಷ್ಯ ಏಸಿ ಕೋಣೆಯಲ್ಲಿ ಕುಳಿತಿರುವುದನ್ನು ಊಹಿಸಿಕೊಳ್ಳಲು ಹೋದಾಗಲೆಲ್ಲ ಆ ಕುರ್ಚಿ ಖಾಲಿಯಾಗಿಯೇ ಕಾಣುತ್ತಿತ್ತು.

ಸೀಸನ್ ಎದ್ದೂ ಬಿದ್ದೂ ಸಾಗಿ, ಎಲ್ಲವೂ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಗೆದ್ದರೆ ಸರಿಸಮ, ಖಾಯಂ, ಸೋತರೆ ಟೆಲಿಕಾಂ. ಆ ಶನಿವಾರ ಮಧ್ಯಾಹ್ನ ಮಾವ ಮೊದಲ ಬಾರಿಗೆ ಮಗನ ಪಂದ್ಯಕ್ಕೆ ಬಂದರು. ತೀರ್ಮಾನವನ್ನು ಕಣ್ಣಾರೆ ನೋಡುವುದು ನ್ಯಾಯ ಎಂದು ಅವರ ಅಭಿಪ್ರಾಯ. ಅತ್ತೆ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಟ್ಟು ತುಂಬಿಕೊಂಡು ಬಂದರು. ದೇವಸ್ಥಾನದ ಪರಿಚಯದ ಅಂಕಲ್ ಒಬ್ಬರು, ಸಕ್ಕರೆ ಕಾಯಿಲೆಯವರು, ಕುತೂಹಲಕ್ಕೆಂದು ಜೊತೆಗೆ ಬಂದಿದ್ದರು. ಆಟ ಹತ್ತಿರದಿಂದ ಕಾಣಲಿ ಎಂದು ಅವರು ಕೆಳಗಿನ ಬೇಲಿಯ ಪಕ್ಕದ ಸಾಲಿಗೆ ಹೋಗಿ ಕುಳಿತರು. ನಾವು ಮೇಲಿನ ಸಾಲಿನಲ್ಲಿದ್ದೆವು. ಪ್ರೇಕ್ಷಕರು ಹೆಚ್ಚೇನೂ ಇರಲಿಲ್ಲ; ನಮ್ಮ ಹುಡುಗರ ತಂದೆತಾಯಿಯರು, ಕೆಲವು ಗೆಳತಿಯರು, ಒಂದು ನಾಯಿ.

ಮಾವನಿಗೆ ನಾನು ಆಟ ವಿವರಿಸುತ್ತಿದ್ದೆ. ಗುಪ್ತಪದಗಳ ವಿಷಯ ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ್ರೆ ನನ್ನ ಮಗ ಅಷ್ಟು ದೂರದಿಂದ ಚಿತ್ರಾನ್ನ ಅಂತ ಕೂಗ್ತಾನೆ, ಇವರು ಓಡ್ತಾರೆ?"

"ಹೌದು ಮಾವ."

"ಬ್ಯಾಕಪ್ ಏನಿದೆ? ಕೇಳಿಸದೆ ಹೋದ್ರೆ?"

"ನಮ್ಮವರ ಕೈಯಲ್ಲಿ ಚೆಂಡಿರುವಾಗ ನಮ್ಮ ಕಡೆ ಪ್ರೇಕ್ಷಕರು ಮೌನವಾಗಿರಬೇಕು ಮಾವ. ಅದು ಇಲ್ಲಿನ ಪದ್ಧತಿ."

"ಹ್ಞೂಂ," ಎಂದರು. ಬ್ಯಾಕಪ್ ಇಲ್ಲದ ವ್ಯವಸ್ಥೆಯ ಬಗ್ಗೆ ಅವರಿಗಿರುವ ಅಸಮಾಧಾನ ಅಷ್ಟರಲ್ಲೇ ಅಡಗಿತ್ತು. ಆದರೂ ಆಟ ಏರುತ್ತಿದ್ದಂತೆ ಅವರು ಬೆಂಚಿನ ಅಂಚಿಗೆ ಜರುಗಿದ್ದನ್ನೂ, ಮಗ ಗೆರೆಯ ಪಕ್ಕ ಓಡಿದ ಕಡೆಗೆಲ್ಲ ಅವರ ತಲೆ ತಿರುಗುತ್ತಿದ್ದುದನ್ನೂ ನಾನು ಗಮನಿಸಿದೆ.

ಕೊನೆಯ ಕ್ಷಣಗಳು. ನಾವು ಸ್ವಲ್ಪವೇ ಹಿಂದಿದ್ದೆವು. ಚೆಂಡು ಗೆರೆ ದಾಟಲು ಕೆಲವೇ ಮಾರು ದೂರ. ಒಂದು ನುಗ್ಗಾಟಕ್ಕೆ ಮಾತ್ರ ಸಮಯ ಉಳಿದಿತ್ತು. ನಡುವಿನಲ್ಲಿ ನುಗ್ಗುತ್ತಾರೆಂದು ಎದುರಾಳಿಗಳು ಅಲ್ಲಿಯೇ ಗೋಡೆಯಂತೆ ನಿಂತಿದ್ದರು. ಅದನ್ನು ನೋಡಿ ಇವರು ಸರಿಯಾದುದನ್ನೇ ಕೂಗಿದರು: "ಚಿತ್ರಾನ್ನಾ!" ಅಂಚಿನ ಹುಡುಗರ ಕಾಲುಗಳು ಸಜ್ಜಾದವು. ನಮ್ಮ ಕಡೆಯವರೆಲ್ಲ ಪದ್ಧತಿಯಂತೆ ಉಸಿರು ಬಿಗಿಹಿಡಿದರು. ನಾಯಿಯೂ ಸುಮ್ಮನಿತ್ತು.

ಅತ್ತೆಗೆ ಆತಂಕ ಮೇರೆ ಮೀರಿತ್ತು. ಅವರ ಕಣ್ಣು ಬೇಲಿಯ ಪಕ್ಕದ ಅಂಕಲ್ ಮೇಲೆ ಬಿತ್ತು.

"ಅಣ್ಣಾರ, ಉಪ್ಪಿಟ್ಟು! ಶುಗರ್ ಇಳದೀತು, ತಗೋರಿ, ಉಪ್ಪಿಟ್ಟು!"

ಹುಬ್ಬಳ್ಳಿಯ ಕಂಠ. ಎರಡು ಒತ್ತಕ್ಷರಗಳೂ ಗಂಟೆ ಹೊಡೆದಂತೆ ಸ್ಪಷ್ಟ.

ತಂಡದ ಮುಂದಿನ ಸಾಲಿನ ದಪ್ಪ ಹುಡುಗರ ಕಿವಿಗೆ ಉಪ್ಪಿಟ್ಟು ಬಿತ್ತು. ಒಬ್ಬರಿಗೊಬ್ಬರು ಅಂಟಿಕೊಂಡು ನಡುವಿನ ಗೋಡೆಗೆ ನುಗ್ಗಿದರು. ಅಂಚಿನಲ್ಲಿದ್ದವರು ಆಗಲೇ ಚಿತ್ರಾನ್ನವಾಗಿ ಮೂಲೆಮೂಲೆಗೆ ಉದುರಿ ಹೋಗಿದ್ದರು. ಚೆಂಡು ಎಸೆಯಬೇಕಾದ ಹುಡುಗ ಎರಡರ ಮಧ್ಯೆ ಸಿಕ್ಕಿ, ಪಕ್ಕದಲ್ಲಿ ಇರಬೇಕಾಗಿದ್ದು ಇಲ್ಲದ ಗೆಳೆಯನ ಕೈಗೆ ಬಹಳ ವಿನಯದಿಂದ ಚೆಂಡನ್ನು ನೀಡಿದ. ಅದು ನೆಲಕ್ಕೆ ಬಿತ್ತು. ಅದರ ಮೇಲೆ ಎದುರಾಳಿಗಳೆಲ್ಲ ಬಿದ್ದರು. ಪಂದ್ಯ ಮುಗಿಯಿತು.

ಸೋತ ಮೇಲೆ ಆ ಹುಡುಗ ತಮಗೆ ಹೇಳಿದ್ದನ್ನು ಇವರು ನನಗೆ ತಿಳಿಸಿದರು. "ಮೊದಲನೆಯದು ನಿಮ್ಮದೇ ಎಂದು ಗೊತ್ತಿತ್ತು ಕೋಚ್. ಆದರೆ ಎರಡನೆಯದರ ಉಚ್ಚಾರಣೆ ಸರಿಯಾಗಿತ್ತು."

ಕಾಲೇಜಿನ ಕ್ರೀಡಾ ಅಧಿಕಾರಿ ಮೈದಾನದಲ್ಲೇ ಇವರ ಬಳಿ ಬಂದು ಕೊನೆಗೆ ಏನಾಯಿತೆಂದು ಕೇಳಿದರು. ಬೇಲಿಯ ಈಚೆ ನಾವೆಲ್ಲ ನಿಂತಿದ್ದೆವು, ಡಬ್ಬಿ ಸಮೇತ. ಇವರು ನಮ್ಮ ಕಡೆ ಒಮ್ಮೆಯೂ ತಿರುಗಲಿಲ್ಲ. ಕೂಗಿದ ಪದ ನನ್ನದೇ, ಹೊಣೆಯೂ ನನ್ನದೇ ಎಂದಷ್ಟೇ ಹೇಳಿದರು. ಅಧಿಕಾರಿ ಕೈಕುಲುಕಿ, ಮುಖ್ಯ ಕೋಚ್ ಆಗಿ ಹೊರಗಿನಿಂದ ಒಬ್ಬರು ಬರುತ್ತಾರೆ, ಬೇಕಿದ್ದರೆ ನಿಮ್ಮ ಹಳೆಯ ಹುದ್ದೆಯಲ್ಲಿ ಮುಂದುವರಿಯಬಹುದು ಎಂದು ತಿಳಿಸಿ ಹೋದರು.

ಸಂಜೆ ನಮ್ಮ ಮನೆಯಲ್ಲಿ ಊಟದ ಮೇಜಿನ ಸುತ್ತ ಕುಳಿತೆವು. ಇವರ ಕೊರಳಲ್ಲಿ ಶಿಳ್ಳೆ ಇರಲಿಲ್ಲ. ಅದನ್ನು ಮೊದಲು ಗಮನಿಸಿದವರು ಮಾವ ಎಂದು ನನಗೆ ಅನ್ನಿಸುತ್ತದೆ.

"ಅಪ್ಪಾ, ಪ್ರಾಮಿಸ್ ಅಂದ್ರ ಪ್ರಾಮಿಸ್. ನಿನ್ನ ಫ್ರೆಂಡ್‌ಗೆ ಫೋನ್ ಮಾಡು. ನಾ ಬರ್ತೀನಿ."

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. "ಇರು. ಕಡೇ ಆಟದಲ್ಲಿ ನೀನು ಕೂಗಿದ್ದೇನು?"

"ಚಿತ್ರಾನ್ನ."

"ಮತ್ತೆ ಆ ಉಪ್ಪಿಟ್ಟು ಎಲ್ಲಿಂದ ಬಂತು?"

ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿಯ ಕಡೆಗೆ ಎಲ್ಲರ ಕಣ್ಣೂ ಹೋಯಿತು.

"ಯಾಕ ಎಲ್ಲಾರೂ ನನ್ನ ಮಾರಿ ನೋಡಾಕತ್ತೀರಿ?" ಎಂದರು ಅತ್ತೆ. "ನಾ ಎಲ್ಲಿ ಕೂಗೀನಿ? ಕರದೀನಿ ಅಷ್ಟ. ಒಬ್ಬ ಮನಷ್ಯಾ ಹಸಗೊಂಡು ಕುಂತಿದ್ದ."

"ಅವ್ರು ತಿಂದ್ರಾ?" ಎಂದು ಮಾವ ಕೇಳಿದರು.

"ಇಲ್ಲ. ಅವ್ರಿಗ ಕೇಳಿಸಲೇ ಇಲ್ಲಂತ."

"ಮೈದಾನಕ್ಕೆಲ್ಲ ಕೇಳಿಸ್ತು, ಅವರೊಬ್ಬರಿಗೆ ಕೇಳಿಸ್ಲಿಲ್ಲ," ಎಂದರು ಮಾವ. ಆಮೇಲೆ ಬೆರಳು ತೊಳೆದುಕೊಂಡು ಬಂದು, ಆಫೀಸಿನ ಮೀಟಿಂಗಿನಲ್ಲಿ ಕುಳಿತಂತೆ ಕುಳಿತರು. "ನೋಡಪ್ಪ, ನನ್ನ ಸರ್ವಿಸ್ ಪೂರ್ತಿ ಮಾಡಿದ್ದು ಇದೊಂದೇ ಕೆಲಸ. ಸಿಗ್ನಲ್ ಹೋಗೋ ದಾರೀಲಿ ಹೊರಗಿನ ನಾಯ್ಸ್ ಸೇರಿದ್ರೆ ಆ ಟೆಸ್ಟ್ ಇನ್‌ವ್ಯಾಲಿಡ್. ಪಾಸೂ ಅಲ್ಲ, ಫೇಲೂ ಅಲ್ಲ. ನೀನು ಕೊಟ್ಟ ಮಾತು ಟೆಸ್ಟ್ ಮೇಲೆ ನಿಂತಿತ್ತು. ಟೆಸ್ಟೇ ನಡೆದಿಲ್ಲ ಅಂದ್ಮೇಲೆ ಮಾತು ಎಲ್ಲಿಂದ ಬಂತು?"

"ನಾ ನಾಯ್ಸ್ ಏನ್ರೀ?" ಎಂದರು ಅತ್ತೆ.

"ನೀನು ನಾಯ್ಸ್ ಅಲ್ಲ ಕಣೇ. ನೀನು ಇನ್ನೊಂದು ಟ್ರಾನ್ಸ್‌ಮಿಟರ್ರು. ಅವನಿಗಿಂತ ಪವರ್‌ಫುಲ್."

ಇವರು ತಂದೆಯ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡು, ತಣ್ಣಗಾಗಿದ್ದ ಉಪ್ಪಿಟ್ಟನ್ನು ಡಬ್ಬಿಯಿಂದಲೇ ತಿನ್ನತೊಡಗಿದರು. ಮಾವ ಅದನ್ನು ನೋಡುತ್ತ, "ಕೂಗೋದನ್ನ ಮೊದಲು ನಿಲ್ಲಿಸು. ಬೋರ್ಡ್ ಮೇಲೆ ಚಿತ್ರ ಬರೆದು ತೋರ್ಸೋಕೆ ಏನು ಕಷ್ಟ? ನಾನು ಮಾಡಿಕೊಡ್ತೀನಿ" ಎಂದರು.

ಆ ನಂತರ ನಮ್ಮ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು. ನನ್ನ ಪತಿ ಮುಖ್ಯ ಕೋಚ್ ಆಗಲಿಲ್ಲ; ಈಗಲೂ ಆಗಿಲ್ಲ. ಹಳೆಯ ಹುದ್ದೆಯಲ್ಲೇ, ಹೊಸ ಮುಖ್ಯ ಕೋಚ್‌ರ ಕೈಕೆಳಗೆ, ಅದೇ ಕಾಲೇಜಿನಲ್ಲಿ ಮುಂದುವರಿದಿದ್ದಾರೆ. ಟೆಲಿಕಾಂ ಕಂಪನಿಯ ಸ್ಥಾನ ಬೇರೊಬ್ಬರಿಗೆ ಹೋಯಿತು, ಅದರ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. ಅತ್ತೆ ಮಾವ ಸ್ಯಾಂಟಾ ಕ್ಲಾರಿಟಾದ ಮನೆ ಮಾರಿ ಸ್ಯಾನ್ ಡಿಯೇಗೊಗೆ ಬಂದು ನಮ್ಮ ಬೀದಿಯಲ್ಲೇ ನೆಲೆಸಿದ್ದಾರೆ. ತಂಡದ ಚಿತ್ರಫಲಕಗಳನ್ನು ಮಾವನೇ ತಯಾರಿಸುತ್ತಾರೆ, ಯಾವ ಪಂದ್ಯವನ್ನೂ ತಪ್ಪಿಸುವುದಿಲ್ಲ. ದೇವಸ್ಥಾನದಲ್ಲಿ ಮಗನ ಕೆಲಸ ಕೇಳಿದವರಿಗೆ "ಫುಟ್‌ಬಾಲ್ ಕೋಚ್" ಎಂದು ಹೇಳಿ, ಆಮೇಲೆ ಪುಳಿಯೋಗರೆ ತಿನ್ನುತ್ತಾರೆ. ಅತ್ತೆ ಪಂದ್ಯ ಮುಗಿದ ಮೇಲೆ ಎರಡೂ ತಂಡಗಳಿಗೆ ಉಪ್ಪಿಟ್ಟು ಹಂಚುತ್ತಾರೆ. ಅದಕ್ಕೆ ಮುಂಚೆ ಡಬ್ಬಿಯ ಮುಚ್ಚಳ ತೆಗೆಯಲು ಅವರಿಗೆ ಅನುಮತಿಯಿಲ್ಲ. ತಿಪಟೂರಿನಲ್ಲಿ ನಮ್ಮಪ್ಪ ಇಂದಿಗೂ ಕೋಚಿಂಗ್ ಎಂದೇ ಹೇಳುತ್ತಿದ್ದಾರೆ.